ಏಲಂನ ಮೇಜಿನ ಮೇಲೆ ನೀಲಿ ಚೀಲ

ಚರ್ಚಿನಲ್ಲಿ ಬಲಿಪೂಜೆ ಮುಗಿದು ಜನ ಅಂಗಳಕ್ಕೆ ಇಳಿಯುವ ಮೊದಲೇ ನಾನು ಹೊರಗೆ ಬಂದಿದ್ದೆ. ಏಲಂನ ಮೇಜಿಗೆ ಸುತ್ತ ಕಟ್ಟಿದ ಬಟ್ಟೆಯ ಝಾಲರಿ ನಾನು ಹೊಲಿದದ್ದು. ಗಾಳಿಗೆ ಅದರ ಒಂದು ಮೂಲೆ ಬಿಚ್ಚಿಕೊಂಡಿತ್ತು. ಬಗ್ಗಿ ಪಿನ್ನು ಚುಚ್ಚಿ ತಲೆ ಎತ್ತಿದಾಗ ಮೇಜಿನ ಮೇಲೆ, ಕುಂಬಳಕಾಯಿಗೂ ಕಾಲು ಕಟ್ಟಿದ ಹುಂಜಕ್ಕೂ ನಡುವೆ, ಅಮ್ಮಚ್ಚಿಯ ನೀಲಿ ಚೀಲ ಕಂಡಿತು.

ಅಂಥ ಚೀಲ ಬೇರೆಯವರ ಮನೆಯಲ್ಲೂ ಇರಬಹುದು ಎಂದುಕೊಂಡೆ. ಆದರೆ ಅದರ ಒಂದು ಹಿಡಿ ಕಪ್ಪಗಿತ್ತು. ಹಳೆಯ ಹಿಡಿ ಹರಿದುಹೋದಾಗ ಗ್ಯಾರೇಜಿನಿಂದ ಜೀಪಿನ ಸೀಟ್ ಬೆಲ್ಟಿನ ತುಂಡು ಕೇಳಿ ತಂದು ಹೊಲಿದುಕೊಟ್ಟವಳು ನಾನು. ಚೀಲ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಅರ್ಧ ತೆರೆದ ಜಿಪ್ಪಿನಿಂದ ಮಣ್ಣು ಮೆತ್ತಿದ ಕಾಚಿಲ್ ಗೆಣಸಿನ ಗೆಡ್ಡೆಯೊಂದು ಮೂತಿ ಹೊರಗೆ ಹಾಕಿತ್ತು.

ಅಮ್ಮಚ್ಚಿ ಎಂದರೆ ನನ್ನ ಅಪ್ಪನ ತಾಯಿ, ಕೊಚ್ಚುತ್ರೇಸ್ಯ. ಮದುವೆಯಾಗಿ ಕೇರಳದಿಂದ ಬಂದು, ನೆಲ್ಯಾಡಿಯಿಂದ ಒಳಗೆ ಹೊಳೆಯಾಚೆಗಿನ ನಮ್ಮ ಗುಡ್ಡದಲ್ಲಿ ಕಾಡು ಕಡಿದು ರಬ್ಬರ್ ನೆಟ್ಟವರಲ್ಲಿ ಅವರೂ ಒಬ್ಬರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ಕೆಲವು ತಿಂಗಳು ಹಾಸಿಗೆಯಲ್ಲೇ ಇದ್ದರು. ಆಗ ಕಡಬದಿಂದ ನರ್ಸ್ ಪಂಕಜಾಕ್ಷಿ ವಾರಕ್ಕೊಮ್ಮೆ ಬಂದು ಹುಣ್ಣು ತೊಳೆದು ಮದ್ದು ಹಾಕಿ ಹೋಗುತ್ತಿದ್ದರು. ಆಟೋ ನಮ್ಮ ಗುಡ್ಡ ಹತ್ತುವುದಿಲ್ಲ. ಅವರು ಸೇತುವೆಯ ಹತ್ತಿರ ಇಳಿದು ಮದ್ದಿನ ಪೆಟ್ಟಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ಮಳೆಯಲ್ಲಿ ನಡೆದೇ ಬರುತ್ತಿದ್ದರು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಲು ಅವರಿಗೊಂದು ಜೀಪು ಕೊಡಿಸಬೇಕೆಂದು ಊರವರು ಹೊರಟದ್ದು ಅದನ್ನು ನೋಡಿಯೇ. ಈ ಏಲಂ, ಚರ್ಚಿನ ಹರಾಜು, ಅದಕ್ಕೆ. ಅಮ್ಮಚ್ಚಿಯ ಹೆಸರಿನಲ್ಲೇ ಮಾಡೋಣ ಎಂದು ಫಾದರ್ ಹೇಳಿದ್ದರು.

ಎಲ್ಲ ಮನೆಯವರೂ ಏನಾದರೊಂದು ತಂದುಕೊಡಬೇಕು. ಬಾಳೆಗೊನೆ, ಕೋಳಿ, ಕೇಕು, ಜೇನು, ಯಾವುದಾದರೂ ಆಗುತ್ತದೆ. ಮೇಜಿಗೆ ಬಂದದ್ದು ಬಂದ ಹಾಗೆಯೇ ಹೋಗಬೇಕು ಎಂಬುದು ನಮ್ಮ ಏಲಂನ ನಿಯಮ. ಬುಟ್ಟಿಯಲ್ಲಿ ಬಂದರೆ ಬುಟ್ಟಿ ಸಮೇತ, ಪಾತ್ರೆಯಲ್ಲಿ ಬಂದರೆ ಪಾತ್ರೆ ಸಮೇತ. ಬಿಚ್ಚಿ ನೋಡುವಂತಿಲ್ಲ, ಸುರಿದು ನೋಡುವಂತಿಲ್ಲ. ಇನ್ನೊಂದು ಪದ್ಧತಿಯೂ ಇದೆ. ಹೆಚ್ಚು ಕೂಗಿ ತೆಗೆದುಕೊಂಡವರು ದುಡ್ಡು ಕೊಟ್ಟು, ವಸ್ತುವನ್ನು ಪುನಃ ಮೇಜಿಗೇ ಇಡುತ್ತಾರೆ, ಇನ್ನೊಮ್ಮೆ ಏಲಂ ಆಗಲಿ ಎಂದು. ಒಳ್ಳೆಯ ಗೊನೆಯೊಂದು ಹೀಗೆ ಸಂಜೆವರೆಗೂ ಕೈಯಿಂದ ಕೈಗೆ ಹೋಗಿ ಬಂದದ್ದುಂಟು. ಹಾಗೆ ಮರಳಿ ಕೊಡದವರನ್ನು ಯಾರೂ ಬೈಯುವುದಿಲ್ಲ. ಆದರೆ ನೆನಪಿಟ್ಟುಕೊಳ್ಳುತ್ತಾರೆ.

ಅಮ್ಮಚ್ಚಿ ಹೋದ ಮೇಲೆ ಮನೆಯಲ್ಲಿ ಅವರ ವಸ್ತುಗಳನ್ನು ಹಂಚಿದ್ದರು. ಕೊರಳ ಸರ ಅತ್ತೆಗೆ, ಮಂಚ ದೊಡ್ಡಪ್ಪನಿಗೆ, ಜಪಮಾಲೆ ಅವರ ಜೊತೆಗೇ ಹೋಯಿತು. ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದ ಚೀಲವನ್ನು ಯಾರೂ ಕೇಳಲಿಲ್ಲ. ಮೊಳೆಯಲ್ಲೇ ಬಿಟ್ಟು, ಮನಸ್ಸಿನಲ್ಲಿ ನಾನು ಅದನ್ನು ನನ್ನದೆಂದು ಇಟ್ಟುಕೊಂಡೆ. ಆದರೆ ಯಾರಿಗೂ ಹೇಳಲಿಲ್ಲ. ನಾನು ಹೇಳುವವಳಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಅಮ್ಮನ ಆಪರೇಷನ್ ಆದಾಗ ಶಾಲೆ ಬಿಟ್ಟೆ. ಅಮ್ಮ ಗುಣವಾದ ಮೇಲೆ ಮತ್ತೆ ಹೋಗುತ್ತೇನೆ ಎಂದೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಈಗ ನೆಲ್ಯಾಡಿಯ ಟೈಲರ್ ಅಂಗಡಿಯಲ್ಲಿ ಒಳಗಡೆಯ ಮೆಷಿನು ನನ್ನದು. ಅಳತೆ ತೆಗೆಯಲು, ಗಿರಾಕಿಗಳ ಜೊತೆ ಮಾತಾಡಲು ಬೇರೆಯವರಿದ್ದಾರೆ.

ಅಮ್ಮ ಚರ್ಚಿನ ಮೆಟ್ಟಿಲಿಳಿಯುತ್ತಿದ್ದಂತೆ ಓಡಿಹೋದೆ.

"ಅಮ್ಮಾ, ಆ ಚೀಲ..."

"ಯಾವ ಚೀಲ?"

"ಅಮ್ಮಚ್ಚಿಯದ್ದು. ಕಾಚಿಲ್ ಹಾಕಿದ್ದು."

"ಓ ಅದು. ಗೋಣಿಯನ್ನೆಲ್ಲ ಇಲಿ ಕಡಿದಿತ್ತು. ಅದಕ್ಕೆಂತ ಈಗ?"

"ಅದು ನನಗೆ..."

ಹಿಂದಿನಿಂದ ಯಾರೋ ಅಮ್ಮನ ಹೆಗಲು ಮುಟ್ಟಿ ಮಾತಿಗೆ ಎಳೆದರು. ನನ್ನ ಮಾತು ಅಲ್ಲೇ ಉಳಿಯಿತು. ಅವರು ಹೋದ ಮೇಲೆ ಅಮ್ಮ ನನ್ನ ಮುಖ ನೋಡಿ ಸ್ವರ ತಗ್ಗಿಸಿದರು. "ಎಂತ ಮುಖ ಅದು? ಮೇಜಿಗೆ ಹೋದ್ದನ್ನು ಹಿಂದೆ ತೆಗೀಲಿಕ್ಕೆ ಉಂಟಾ? ಅದೂ ಅಮ್ಮಚ್ಚಿಯ ಹೆಸರಿನ ಏಲಂನಲ್ಲಿ, ನಮ್ಮ ಮನೆಯವರೇ? ನಾಲ್ಕು ಜನ ನಗ್ಬೇಕಾ? ಸುಮ್ಮನೆ ಕೂತ್ಕೊ."

ಅಪ್ಪ ಕುರ್ಚಿ ಜೋಡಿಸುವ ಗುಂಪಿನಲ್ಲಿದ್ದರು. ಅವರಿಗೆ ಹೇಳಿ ಉಪಯೋಗವಿಲ್ಲ. ಏನು ಹೇಳಿದರೂ ಅಮ್ಮನನ್ನು ಕೇಳು ಎನ್ನುತ್ತಾರೆ.

ನಾನು ಕೂರಲಿಲ್ಲ. ಹೆಂಗಸರ ಕುರ್ಚಿಗಳ ಹಿಂದೆ ಹೋಗಿ ನಿಂತೆ. ಅಲ್ಲಿಂದ ಮೇಜು ಕಾಣಲಿಲ್ಲ. ಧ್ವನಿವರ್ಧಕ ಕಟ್ಟಿದ ಮಾವಿನ ಮರದ ಬುಡಕ್ಕೆ ಹೋದೆ. ಅಲ್ಲಿ ಗಂಡಸರು ತುಂಬಿದ್ದರು. ಚಹಾ ಕಾಯಿಸುವಲ್ಲಿಗೆ ಹೋದೆ, ಅಲ್ಲೂ ಕಾಲು ನಿಲ್ಲಲಿಲ್ಲ. ಕೊನೆಗೆ ಅಲ್ಲಿ ಬಿದ್ದಿದ್ದ ಸಕ್ಕರೆಯ ಖಾಲಿ ಚೀಲವೊಂದು ಕಣ್ಣಿಗೆ ಬಿತ್ತು. ಅದನ್ನು ಮಡಚಿ ಶಾಲಿನಡಿ ಹಿಡಿದುಕೊಂಡು ಮೇಜಿನ ಹತ್ತಿರ ಹೋದೆ. ಕಾಚಿಲನ್ನು ಇದಕ್ಕೆ ಸುರಿದು ನೀಲಿ ಚೀಲವನ್ನು ಎಳೆದುಕೊಂಡರೆ ಮುಗಿಯಿತು. ಕೈ ಜಿಪ್ಪಿನ ಮೇಲಿತ್ತು.

"ಏಯ್ ಮೋಳೇ! ಹುಂಜ ಕದೀಲಿಕ್ಕೆ ಬಂದದ್ದಾ?"

ಮೈಕಿನಲ್ಲಿ! ಏಲಂ ಕೂಗುವ ಪಾಪ್ಪಚ್ಚನ್ ಚೇಟ್ಟನ್ ಮೈಕ್ ಪರೀಕ್ಷಿಸಲು ಬಂದವರು ನನ್ನನ್ನು ನೋಡಿಬಿಟ್ಟಿದ್ದರು. ಅವರಿಗೆ ಎಪ್ಪತ್ತಾಗಿದೆ, ಆದರೆ ಗಂಟಲಿಗೆ ಇಪ್ಪತ್ತು. ಊರಿನ ಹುಡುಗಿಯರೆಲ್ಲ ಅವರಿಗೆ ಮೋಳ್, ಮಗಳು. ಅಂಗಳವೆಲ್ಲ ನಕ್ಕಿತು. ಹುಂಜ ಕೂಡ ಒಮ್ಮೆ ಕೊಕ್ ಎಂದಿತು. ಕಿವಿಯವರೆಗೆ ಬಿಸಿಯಾಗಿ ನಾನು ಮತ್ತೆ ಮಾವಿನ ಮರದ ಹಿಂದೆ ಬಂದು ನಿಂತೆ.

ಏಲಂ ಶುರುವಾಯಿತು. ಮೊದಲು ಫಾದರ್ ಅಮ್ಮಚ್ಚಿಯ ಬಗ್ಗೆ ನಾಲ್ಕು ಮಾತು ಹೇಳಿದರು. ಪ್ರಾರ್ಥನೆ, ಪರಿಶ್ರಮ, ಕುಟುಂಬ ಎಂದರು. ಅವರು ಹೊಸಬರು. ನನಗೆ ಕೇಳಿಸಿಕೊಳ್ಳಲಾಗಲಿಲ್ಲ. ನನ್ನ ಅಮ್ಮಚ್ಚಿ ಅಲ್ಲಿ ಎಲ್ಲಿಯೂ ಇರಲಿಲ್ಲ.

ಸೇತುವೆಯಾಗುವ ಮೊದಲು ಮಳೆಗಾಲದಲ್ಲಿ ಹೊಳೆ ತುಂಬಿದರೆ ನಮ್ಮ ಗುಡ್ಡದವರು ಭಾನುವಾರ ಮನೆಯಲ್ಲೇ ಪ್ರಾರ್ಥನೆ ಮುಗಿಸುತ್ತಿದ್ದರು. ಅಮ್ಮಚ್ಚಿ ಲಾರಿಯ ಟ್ಯೂಬಿಗೆ ಗಾಳಿ ತುಂಬಿಸಿ, ಅದರೊಳಗೆ ಕೂತು ಹೊಳೆ ದಾಟಿ ಚರ್ಚಿಗೆ ಬರುತ್ತಿದ್ದರು. ಒಣ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ. ಆಗಿನ ಫಾದರ್, ಹೀಗೆ ಬರುವುದು ಬೇಡ, ದೇವರು ಕ್ಷಮಿಸುತ್ತಾನೆ ಎಂದಾಗ ಇವರು, "ದೇವರಿಗಾಗಿ ಯಾರು ಬಂದದ್ದು? ಹೊಳೆ ಹೇಗುಂಟು ನೋಡ್ಲಿಕ್ಕೆ ಬಂದದ್ದು" ಎಂದರಂತೆ.

ಹುಂಜ ಮೇಜಿನಿಂದ ಮೇಲೆದ್ದಿತು. ಪಾಪ್ಪಚ್ಚನ್ ಚೇಟ್ಟನ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಿರುಗಿಸಿದರು. "ಮೊಟ್ಟೆ ಇಡುದಿಲ್ಲ, ಸುಳ್ಳು ಹೇಳುದಿಲ್ಲ ನಾನು. ಆದ್ರೆ ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸ್ತದೆ. ರಬ್ಬರ್ ಟ್ಯಾಪಿಂಗಿನವರಿಗೆ ಅಲಾರಂ ಬೇಡ, ಚಾರ್ಜು ಬೇಡ, ಕರೆನ್ಸಿ ಬೇಡ!"

ಆಮೇಲೆ ಬಾಳೆಗೊನೆ. ಬಾಳೆಕಾಯಿ ವ್ಯಾಪಾರದ ಅಲಿ ಕುಂಞಿ ಯಾರ ಏಲಂ ಇದ್ದರೂ, ಚರ್ಚಾಗಲಿ ಮಸೀದಿಯಾಗಲಿ ಭಜನಾ ಮಂದಿರವಾಗಲಿ, ಮೊದಲ ಸಾಲಿನಲ್ಲಿರುತ್ತಾರೆ. ಅವರು ಗೊನೆ ತೆಗೆದು ಮರಳಿ ಕೊಟ್ಟರು, ಮತ್ತೊಬ್ಬರು ತೆಗೆದು ಮರಳಿ ಕೊಟ್ಟರು, ಮತ್ತೆ ಅಲಿ ಕುಂಞಿಗೇ ಹೋಯಿತು. "ನೀವು ಹೀಗೆ ತಿರುಗಿಸ್ತಾ ಇದ್ದರೆ ನನ್ನ ಕೈಗೆ ಬರುವಾಗ ಹಣ್ಣಾಗಿರ್ತದೆ ಚೇಟ್ಟಾ" ಎಂದರು ಅವರು. ಎಲ್ಲರೂ ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ನರ್ಸ್ ಪಂಕಜಾಕ್ಷಿ ಸೀರೆಯ ಸೆರಗು ಹಿಡಿದು, ಹೊಗಳಿಕೆಗೆ ಎಲ್ಲಿ ನೋಡಬೇಕೆಂದು ತಿಳಿಯದವರಂತೆ ಕೂತಿದ್ದರು.

ನನಗೆ ನಗು ಬರಲಿಲ್ಲ. ಒಂದೊಂದು ವಸ್ತು ಹೋದ ಹಾಗೆ ಚೀಲ ಮೇಜಿನ ಅಂಚಿಗೆ ಬರುತ್ತಿತ್ತು.

ಆ ಚೀಲ ಮೊಳೆಯಿಂದ ಇಳಿಯಿತೆಂದರೆ ಅಮ್ಮಚ್ಚಿ ಎಲ್ಲಿಗೋ ಹೊರಟರೆಂದೇ ಲೆಕ್ಕ. ಗುತ್ತಿಗಾರಿನ ಕಡೆ ಯಾರದೋ ತೋಟಕ್ಕೆ ಆನೆ ಬಂದಿದೆ ಎಂದು ರೇಡಿಯೋದಲ್ಲೋ ಬಸ್ಸಿನಲ್ಲೋ ಕೇಳಿ, ಅಲ್ಲಿಯವರು ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡಿದ್ದಾಗ, ಇವರು ಚೀಲಕ್ಕೆ ನೀರಿನ ಬಾಟಲಿ ಮತ್ತು ಬೆಲ್ಲ ಹಾಕಿಕೊಂಡು ಎರಡು ಬಸ್ಸು ಬದಲಿಸಿ ನೋಡಲು ಹೋದರು. ಫಾರೆಸ್ಟಿನವರು ಬೈದು ವಾಪಸು ಕಳಿಸಿದರಂತೆ. ಆದರೂ ನೋಡಿಯೇ ಬಂದಿದ್ದರು. "ಪಾಪ, ಅದಕ್ಕೂ ನನ್ನ ಹಾಗೆ ಮೊಣಕಾಲು ನೋವು. ನಡೆಯುವಾಗ ಗೊತ್ತಾಗ್ತದೆ" ಎಂದು ರಾತ್ರಿ ನನ್ನ ಕೈಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಹೇಳಿದರು. ಎಲ್ಲಿಗೆ ಹೋಗಿ ಬಂದರೂ ನನಗೆ ಕಥೆ ಹೇಳುತ್ತಿದ್ದರು. ನಾನು ಎಲ್ಲಿಗೂ ಹೋಗುವವಳಲ್ಲವಾದ್ದರಿಂದ ನನಗೆ ಹೇಳಿದರೆ ಸರಿಯಾಗಿ ಕೇಳುತ್ತೇನೆಂದು ಅವರಿಗೆ ಗೊತ್ತಿತ್ತು.

ಗೋವೆಗೆ ಹೋದದ್ದು ಇನ್ನೂ ದೊಡ್ಡದು. ಅಲ್ಲಿ ಹಳೆಯ ಚರ್ಚಿನಲ್ಲಿ ಕಾದಿಟ್ಟ ಸಂತರ ಶರೀರವನ್ನು ದರ್ಶನಕ್ಕೆ ಇಡುತ್ತಾರೆಂದು ಕೇಳಿದ್ದರು. ನೆಲ್ಯಾಡಿಗೆ ಒಣಮೀನು ತರಲು ಹೋಗುತ್ತೇನೆ ಎಂದು ಹೊರಟವರು ಮೂರನೆಯ ದಿನ ಬಂದರು. ಬಂದಾಗ ಚೀಲದಲ್ಲಿ ಒಣಮೀನು ಇತ್ತು. "ಗೋವೆಯದ್ದು. ನೆಲ್ಯಾಡಿಯದ್ದಕ್ಕಿಂತ ಒಳ್ಳೇದು" ಎಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ತಿಂಗಳವರೆಗೆ ಬೇಯಿಸಲಿಲ್ಲ.

"ಈಗ ನೋಡಿ!" ಪಾಪ್ಪಚ್ಚನ್ ಚೇಟ್ಟನ್ ಸ್ವರ ಬದಲಿಸಿದರು. ಚೀಲವನ್ನು ಎರಡೂ ಹಿಡಿ ಹಿಡಿದು ಎತ್ತಿದರು. "ನಮ್ಮ ಕೊಚ್ಚುತ್ರೇಸ್ಯ ಅಮ್ಮಚ್ಚಿಯ ಮನೆಯಿಂದ ಬಂದದ್ದು. ಅವರೇ ನೆಟ್ಟ ನೇರಳೆ ಕಾಚಿಲ್. ಅವರದ್ದೇ ಚೀಲ. ಈ ಚೀಲ ನೋಡದ ಕಂಡಕ್ಟರ್ ಇದ್ದಾನಾ ಈ ತಾಲೂಕಿನಲ್ಲಿ? ಚೀಲಕ್ಕೆ ಬಾಯಿ ಇದ್ದಿದ್ದರೆ ನನಗೆ ಇವತ್ತು ಮೈಕು ಸಿಗ್ತಿರ್ಲಿಲ್ಲ ಮಾರಾಯ್ರೆ! ಕೂಗಿ!"

"ಇನ್ನೂರು" ಎಂದಿತು ಒಂದು ಗಟ್ಟಿ ಸ್ವರ.

ಕುಕ್ಕಪ್ಪ ಗೌಡರು. ನಮ್ಮ ಕೆಳಗಿನ ಬಯಲಿನ ಅಡಿಕೆ ತೋಟ ಅವರದು. ಏಲಂಗೆ ಬಂದರೆ ಒಂದು ಕೋಳಿ ತೆಗೆದು ಹೊರಟುಹೋಗುವವರು. ಇವತ್ತು ಕೋಳಿ ಹೋದ ಮೇಲೂ ನಿಂತಿದ್ದರು. ಏಲಂ ಶುರುವಾದ ಮೇಲೆ ಎರಡು ಸಲ ಮೇಜಿನ ಹತ್ತಿರ ಬಂದು ಚೀಲವನ್ನು ಬೆರಳಿನಿಂದ ಒತ್ತಿ ನೋಡಿದ್ದನ್ನು ನಾನು ಗಮನಿಸಿದ್ದೆ. ಇವರಿಗೇಕೆ ಆ ಚೀಲ ಎಂದು ಆಗಲೇ ಅನಿಸಿತ್ತು.

ಅಲಿ ಕುಂಞಿ ಮುನ್ನೂರು ಎಂದರು. ಗೌಡರು ಅವರತ್ತ ನೋಡದೆ ನಾನೂರು ಎಂದರು.

ನಾನು ಕೈ ಎತ್ತಿದೆ.

ಯಾರೂ ನೋಡಲಿಲ್ಲ. ಮರದ ಹಿಂದಿನಿಂದ ಎರಡು ಹೆಜ್ಜೆ ಮುಂದೆ ಬಂದು ಮತ್ತೆ ಎತ್ತಿದೆ. ಪಾಪ್ಪಚ್ಚನ್ ಚೇಟ್ಟನ್‌ಗೆ ಕಂಡಿತು.

"ಎಂತ ಮೋಳೇ, ನೊಣ ಓಡಿಸುದಾ?"

ತಲೆ ಅಲ್ಲಾಡಿಸಿದೆ.

"ಕೈ ಎತ್ತಿದ್ರೆ ಆಗುದಿಲ್ಲ, ಬಾಯಿ ಬೇಕು. ಮೊನ್ನೆ ಹಬ್ಬದ ಏಲಂನಲ್ಲಿ ನಮ್ಮ ತಮ್ಮ ಕಿವಿ ತುರಿಸಿ ಎರಡು ಕುಂಬಳಕಾಯಿ ಮನೆಗೆ ಹೊತ್ತದ್ದು ಗೊತ್ತುಂಟಲ್ಲ? ಆಮೇಲೆ ಬಾಯಿ ಕಡ್ಡಾಯ. ನಾನೂರು ಒಂದು ಸಾರಿ..."

ಬಾಯಿ ತೆರೆದು ಮುಚ್ಚಿದೆ. ಶಾಲೆಯಲ್ಲೂ ಹೀಗೆಯೇ ಆಗುತ್ತಿತ್ತು. ಉತ್ತರ ಗೊತ್ತಿದ್ದು ಎದ್ದು ನಿಲ್ಲುತ್ತಿದ್ದೆ, ಆಮೇಲೆ ಗೊತ್ತಿಲ್ಲದವಳಂತೆ ಕೂರುತ್ತಿದ್ದೆ.

"ನಾನೂರು ಎರಡು ಸಾರಿ..."

ಗೌಡರ ಕೈ ಆಗಲೇ ಚೀಲದ ಕಡೆಗೆ ಚಾಚಿತ್ತು. ನಾನು ಹೊಲಿದ ಹಿಡಿಯ ಕಡೆಗೆ.

"ಐನೂರು!"

ಸ್ವರ ನನ್ನದೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಕೀರಲಾಗಿತ್ತು, ಹಾಳಾದ ಗೇಟಿನ ಹಾಗೆ. ಕುರ್ಚಿಗಳೆಲ್ಲ ಹಿಂದಕ್ಕೆ ತಿರುಗಿದವು. ಅಮ್ಮ ಅರ್ಧ ಎದ್ದು ನಿಂತರು.

"ಅನ್ಸಿಯಾ? ಅನ್ಸಿಯಾ ಕೂಗಿದ್ದು?" ಎಂದು ಯಾರೋ ನನ್ನ ಹೆಸರು ಹಿಡಿದು ಕೇಳಿದರು.

"ಆರ್ನೂರು" ಎಂದರು ಗೌಡರು.

"ಏಳ್ನೂರು."

ಗೌಡರು ಈಗ ನನ್ನತ್ತ ನೋಡಿದರು. ಹುಬ್ಬು ಗಂಟಿಕ್ಕಿತ್ತು. "ಮಗಾ, ನಿಂಗೆ ಯಾಕೆ? ನಿಮ್ಮ ಮನೇದ್ದೇ ಅಲ್ವಾ?" ಎಂದರು. ನಾನು ಚೀಲವನ್ನೇ ನೋಡುತ್ತಿದ್ದೆ. ಅವರು, "ಸರಿ ಹಾಗಾದ್ರೆ. ಸಾವಿರ!" ಎಂದರು.

ಜನ ಹೋ ಎಂದರು. ಒಂದು ಬ್ಲೌಸಿಗೆ ನನ್ನ ಕೈಗೆ ಬರುವುದೆಷ್ಟು, ತಿಂಗಳಿಗೆ ಉಳಿಯುವುದೆಷ್ಟು, ಎಲ್ಲ ತಲೆಯೊಳಗೆ ಒಂದೇ ಸಲ ಓಡಿತು. ನಿಲ್ಲಿಸಲು ಹೋಗಲಿಲ್ಲ. ಕಾಲು ತಾನಾಗಿಯೇ ಮುಂದೆ ಹೋಗುತ್ತಿತ್ತು. ಒಂದೊಂದು ಕೂಗಿಗೂ ಒಂದು ಹೆಜ್ಜೆ. ಗೌಡರು ಹೆಚ್ಚಿಸಿದರು, ನಾನು ಹೆಚ್ಚಿಸಿದೆ. ಅಲಿ ಕುಂಞಿ ತೊಡೆ ತಟ್ಟಿಕೊಂಡು, "ಅಮ್ಮಚ್ಚಿ ಪುನಃ ಬಂದ್ರು ಮಾರಾಯ್ರೆ!" ಎಂದು ನಕ್ಕರು. ಕೊನೆಗೆ ಗೌಡರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡು, "ಇಲ್ಲ ಮಾರಾಯ, ಹೆಂಡತಿ ಮನೆಗೆ ಸೇರಿಸ್ಲಿಕ್ಕಿಲ್ಲ" ಎಂದು ಕೈ ಆಡಿಸಿಬಿಟ್ಟರು.

"ಮೂರು ಸಾರಿ!" ಪಾಪ್ಪಚ್ಚನ್ ಚೇಟ್ಟನ್ ಸೌಟಿನಿಂದ ತಟ್ಟೆಗೆ ಬಾರಿಸಿದರು.

ನಾನು ಮೇಜಿನ ಎದುರೇ ನಿಂತಿದ್ದೆ. ಚೀಲದ ಹಿಡಿ ಕೈಗೆ ಸಿಕ್ಕಿತ್ತು. ಪಾಪ್ಪಚ್ಚನ್ ಚೇಟ್ಟನ್ ಇನ್ನೊಂದು ಹಿಡಿ ಬಿಟ್ಟಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ನಗುವಿನದೋ ಬೇರೆಯದೋ.

"ನೋಡಿ ಮಕ್ಕಳೇ ನೋಡಿ! ಬಾಯಿ ಬಿಡದ ಹುಡುಗಿ. ಅಮ್ಮಚ್ಚಿಯ ಹೆಸರಿನ ಏಲಂನಲ್ಲಿ, ಅಮ್ಮಚ್ಚಿಯ ಚೀಲ ತೆಗೆದು, ನರ್ಸಮ್ಮನ ಜೀಪಿಗಾಗಿ ಪುನಃ ಮೇಜಿಗೇ ಕೊಡ್ತಾ ಇದ್ದಾಳೆ! ಹೊಡೀರಿ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಗಟ್ಟಿಯಾಗಿ, ತುಂಬ ಹೊತ್ತು. ಫಾದರ್ ಎದ್ದು ನಿಂತು ತಟ್ಟಿದರು. ಅಮ್ಮನ ಮುಖ ಒಮ್ಮೆಲೇ ಅರಳಿದ್ದು ಕಂಡಿತು. ಓ, ಇದಕ್ಕಾ, ಎನ್ನುವ ಹಾಗೆ. ಪಂಕಜಾಕ್ಷಿ ಸಿಸ್ಟರ್ ಎರಡೂ ಕೈ ಜೋಡಿಸಿ ನನ್ನನ್ನೇ ನೋಡುತ್ತಿದ್ದರು. ಅಮ್ಮಚ್ಚಿಯ ಬೆನ್ನಿನ ಹುಣ್ಣು ತೊಳೆದ ಕೈಗಳು. ಆ ಕೈಗಳ ಎದುರು ಇಲ್ಲ ಎನ್ನುವುದು ಹೇಗೆ?

ಪಾಪ್ಪಚ್ಚನ್ ಚೇಟ್ಟನ್ ಚೀಲವನ್ನು ಎಳೆದರು. ನಾನು ಬಿಡಲಿಲ್ಲ.

"ಬಿಡು ಮೋಳೇ, ಕೊಟ್ಟಾಯ್ತಲ್ಲ."

ಮತ್ತೆ ಎಳೆದರು. ಸೀಟ್ ಬೆಲ್ಟಿನ ಹಿಡಿ ಬಿಗಿಯಾಯಿತು. ನನ್ನ ಹೊಲಿಗೆ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಚಪ್ಪಾಳೆ ತೆಳ್ಳಗಾಯಿತು. ಚೇಟ್ಟನ್ ಮೈಕನ್ನು ನನ್ನ ಬಾಯಿಗೆ ಹಿಡಿದರು. "ನಾಚಿಕೆ ಅವಳಿಗೆ. ಹೇಳು, ನಿನ್ನ ಬಾಯಿಂದಲೇ ಹೇಳು. ಪುನಃ ಕೊಟ್ಟಿದ್ದೇನೆ ಅಂತ."

"ಕೊಡುದಿಲ್ಲ."

ಮಾವಿನ ಮರದಿಂದ ನನ್ನ ಸ್ವರ ಅಂಗಳದ ತುಂಬ ಬಿತ್ತು. ಹೊಳೆಯಾಚೆಯ ಗುಡ್ಡ ಅದನ್ನು ಇನ್ನೊಮ್ಮೆ ಹೇಳಿತು.

"ದುಡ್ಡು ನಾಳೆ ತಂದು ಕೊಡ್ತೇನೆ. ಚೀಲ ಕೊಡುದಿಲ್ಲ" ಎಂದೆ. ಇನ್ನೂ ಏನೋ ಹೇಳಬೇಕಿತ್ತು. "ಅಮ್ಮಚ್ಚಿ ನನಗೆ ಕೊಟ್ಟದ್ದಲ್ಲ. ನಾನೇ ಇಟ್ಟುಕೊಂಡದ್ದು. ಯಾರಿಗೂ ಹೇಳಿರ್ಲಿಲ್ಲ. ಕಾಚಿಲ್ ಬೇಕಾದ್ರೆ ಪುನಃ ಏಲಂ ಮಾಡಿ."

ಹೇಳಿದವಳೇ ಚೀಲವನ್ನು ಅವರ ಕೈಯಿಂದ ಕಿತ್ತು, ಜಿಪ್ಪು ಪೂರ್ತಿ ಎಳೆದು, ಮೇಜಿನ ಮೇಲೆ ತಲೆಕೆಳಗು ಮಾಡಿದೆ.

ಏಲಂನ ಮೇಜಿನಲ್ಲಿ ಯಾರೂ ಮಾಡದ ಕೆಲಸ ಅದು. ಮೊದಲು ಮೇಲಿನ ಎರಡು ದೊಡ್ಡ ಗೆಡ್ಡೆಗಳು ಧೊಪ್ಪೆಂದು ಬಿದ್ದವು. ಅವುಗಳ ಹಿಂದೆ ಉಳಿದದ್ದು ಸುರಿಯಿತು. ಹಾರೆ ತಗಲಿ ಕಡಿದುಹೋದ ತುಂಡುಗಳು, ಮುಷ್ಟಿ ಗಾತ್ರದ ಮರಿಗೆಡ್ಡೆಗಳು, ಒಂದಷ್ಟು ಬೇರು, ಆಮೇಲೆ ಬರೀ ಮಣ್ಣು. ಮೇಲೆ ಒಳ್ಳೆಯದನ್ನು ಇಟ್ಟು ಅಡಿಯಲ್ಲಿ ಚೂರು ತುಂಬಿಸಿದ್ದರು ನಮ್ಮ ಅಮ್ಮ.

"ಓಹೋ!" ಎಂದರು ಅಲಿ ಕುಂಞಿ.

ನಾನು ಅಮ್ಮನತ್ತ ನೋಡಲಿಲ್ಲ. ನೋಡುವ ಧೈರ್ಯ ಮುಗಿದಿತ್ತು. ಹೆಂಗಸರ ಸಾಲಿನಲ್ಲಿ, "ಸತ್ತವರ ಹೆಸರಿನದ್ದನ್ನೂ..." ಎಂದು ಯಾರೋ ಶುರು ಮಾಡಿದ್ದು ಕೇಳಿತು.

"ಅಯ್ಯೋ ದೇವರೇ!" ಕುಕ್ಕಪ್ಪ ಗೌಡರು ಜನರನ್ನು ತಳ್ಳಿಕೊಂಡು ಮೇಜಿಗೆ ಬಂದರು. ಒಂದು ಕಡಿದ ತುಂಡನ್ನು ಎತ್ತಿ ಉಗುರಿನಿಂದ ಕೆರೆದು, ಒಳಗಿನ ನೇರಳೆ ಬಣ್ಣ ನೋಡಿ ಮಗುವಿನ ಹಾಗೆ ನಕ್ಕರು. "ನಿಂಗೆ ಚೀಲ ಬೇಕಿತ್ತಾ? ಬರೀ ಚೀಲವಾ? ಮೊದಲೇ ಹೇಳುದಲ್ವಾ ಮಾರಾಯ್ತಿ! ಆ ಹರಕು ಚೀಲ ಯಾರಿಗೆ ಬೇಕು? ನಂಗೆ ಬೇಕಾದ್ದು ಈ ಗೆಣಸು!"

"ಗೆಣಸಿಗೆ ಇಷ್ಟು ಕೂಗುದಾ ಗೌಡ್ರೆ?" ಎಂದರು ಪಾಪ್ಪಚ್ಚನ್ ಚೇಟ್ಟನ್.

"ನಿಮಗೆಂತ ಗೊತ್ತುಂಟು? ಈ ಜಾತಿ ಇವರಲ್ಲಿ ಮಾತ್ರ ಇರುದು. ವರ್ಷ ವರ್ಷವೂ ಬೀಜಕ್ಕೆ ಕೇಳಿದೆ. ಆ ಅಮ್ಮ ಬೇಯಿಸಿ, ಗಾಂಧಾರಿ ಮೆಣಸು ಅರೆದು, ಹೊಟ್ಟೆ ತುಂಬ ತಿನ್ನಿಸಿ ಕಳಿಸ್ತಿದ್ರು. ನೆಡ್ಲಿಕ್ಕೆ ಮಾತ್ರ ಒಂದು ಚೂರು ಕೊಡ್ಲಿಲ್ಲ. ತಿನ್ನಬೇಕೂಂತ ಆದ್ರೆ ಗುಡ್ಡ ಹತ್ತಿ ಬಾ ಅಂತಿದ್ರು." ಅವರು ತುಂಡುಗಳನ್ನು ರಾಶಿ ಮಾಡುತ್ತಲೇ ಹೆಂಗಸರ ಸಾಲಿನತ್ತ ತಿರುಗಿದರು. "ಒಳ್ಳೇದು ಮಾಡಿದ್ರಿ ಅಕ್ಕ, ತುಂಡು ಹಾಕಿದ್ದು. ನೆಡ್ಲಿಕ್ಕೆ ತುಂಡೇ ಬೇಕಾದ್ದು."

ನಗು ಎದ್ದಿತು. ಯಾರ ಮೇಲಿನ ನಗು ಎಂದು ಸರಿಯಾಗಿ ತಿಳಿಯಲಿಲ್ಲ. ಪಾಪ್ಪಚ್ಚನ್ ಚೇಟ್ಟನ್ ಸೌಟು ಎತ್ತಿಕೊಂಡರು. "ಹಾಗಾದ್ರೆ ಈ ವರ್ಷ ಮಾತ್ರ ಚೀಲ ಬೇರೆ, ಗೆಣಸು ಬೇರೆ! ಯಾರೂ ಇದನ್ನು ನಿಯಮ ಅಂತ ಹಿಡ್ಕೊಳ್ಬಾರ್ದು! ಗೌಡ್ರು ಎಷ್ಟು?"

ಗೌಡರು ನೂರು ಎನ್ನುವಷ್ಟರಲ್ಲಿ ಅಲಿ ಕುಂಞಿ, "ಅಷ್ಟು ಅಪರೂಪದ್ದಾದ್ರೆ ಮುನ್ನೂರು" ಎಂದುಬಿಟ್ಟರು. "ನಿಂಗೆ ಬಾಳೆಕಾಯಿ ಸಾಲದಾ ಬ್ಯಾರಿ!" ಎಂದು ಗೌಡರು ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ನಾನು ಅಂಗಳ ದಾಟಿದ್ದೆ.

ಸೇತುವೆಯ ಹತ್ತಿರ ಅಮ್ಮ ಹಿಂದಿನಿಂದ ಬಂದರು. ಚಪ್ಪಲಿಯ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ನನ್ನನ್ನು ದಾಟಿ ಮುಂದೆ ಹೋದರು. ಮತ್ತೆ ನಿಂತರು.

"ಊರೆಲ್ಲ ನೋಡಿತು. ನನ್ನ ತುಂಡು ಕಾಚಿಲ್."

"ನಾನು ಬೇಕೂಂತ ಮಾಡಿದ್ದಲ್ಲ."

"ಅಮ್ಮಾ ಚೀಲ ನನಗೆ ಬೇಕು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಬಾಯಿ ಇಲ್ವಾ ನಿಂಗೆ? ಮೈಕಲ್ಲಿ ಬಂತಲ್ಲ ಈಗ!"

ಹೇಳಿದರೆ ಕೊಡುತ್ತಿದ್ದರೇ ಎಂದು ಕೇಳಬಹುದಿತ್ತು. ಅಮ್ಮನೇ ಅದನ್ನು ಕೇಳಿಸಿಕೊಂಡವರ ಹಾಗೆ ಸೇತುವೆಯ ಕಟ್ಟೆಗೆ ಒರಗಿದರು.

"ಅದು ಮೊಳೆಯಿಂದ ಇಳಿದ ದಿನವೆಲ್ಲ ನಂಗೆ ಎಂತ ಆಗ್ತಿತ್ತು ಗೊತ್ತುಂಟಾ? ಎಲ್ಲರಿಗೂ ಅಮ್ಮಚ್ಚಿ ಆನೆ ನೋಡಿದ್ದು ಗೊತ್ತು, ಗೋವೆಗೆ ಹೋದದ್ದು ಗೊತ್ತು. ಆ ಮೂರು ದಿನದಲ್ಲಿ ನಮ್ಮ ಕೆಂಪಿ ಕರು ಹಾಕ್ಲಿಕ್ಕೆ ಆಗದೆ ಬಿದ್ದದ್ದು ಯಾರಿಗೆ ಗೊತ್ತು? ನಿನ್ನ ಅಪ್ಪ ಅಮ್ಮಚ್ಚಿಯನ್ನು ಹುಡುಕ್ಲಿಕ್ಕೆ ಹೋಗಿದ್ರು. ನಾನೊಬ್ಬಳೇ ಕೈ ಹಾಕಿ ಎಳೆದದ್ದು. ನೀನು ಸಣ್ಣದು, ಬಾಗಿಲಲ್ಲಿ ನಿಂತು ಅಳ್ತಾ ಇದ್ದೆ." ಅಮ್ಮ ಹೊಳೆ ನೋಡುತ್ತಾ ಹೇಳಿದರು. "ಒಂದು ದಿನ, ಅಮ್ಮಚ್ಚಿ ಹೋಗಿ ಬರ್ತಾರೆ, ನೀನೂ ಹೋಗು ಅಂತ ಯಾರಾದ್ರೂ ಹೇಳಿದ್ರಾ ನನಗೆ? ಇವತ್ತು ಬೆಳಿಗ್ಗೆ ಗೋಣಿ ಹರಿದಿತ್ತು. ಸುಳ್ಳಲ್ಲ. ಆದ್ರೆ ಆ ಚೀಲಕ್ಕೆ ಮಣ್ಣು ತುಂಬಿಸುವಾಗ ನಂಗೆ ಬೇಜಾರಾಗ್ಲಿಲ್ಲ."

ಚೀಲ ನನ್ನ ಹೆಗಲಲ್ಲಿತ್ತು. ಬೆಳಗಿನಿಂದ ಅದಕ್ಕಾಗಿ ಅಲೆದಾಡಿದ್ದೆ. ಈಗ ಸಿಕ್ಕಿದ ಮೇಲೂ ಕಾಲು ನಿಲ್ಲುತ್ತಿರಲಿಲ್ಲ. ಒಂದು ಹಿಡಿಯಿಂದ ಇನ್ನೊಂದು ಹಿಡಿಗೆ ಕೈ ಬದಲಿಸುತ್ತಿದ್ದೆ. ಅಮ್ಮಚ್ಚಿಯ ಕಥೆಗಳಲ್ಲಿ ಮನೆಯಲ್ಲಿ ಉಳಿದವರು ಯಾರೂ ಇರಲಿಲ್ಲ. ಕೇಳುತ್ತಾ ಕೂತಿದ್ದ ನನಗೂ ಅದು ಹೊಳೆದಿರಲಿಲ್ಲ.

"ಎಲ್ಲಿ ತೂಗು ಹಾಕ್ತೀ ಅದನ್ನು? ಅದೇ ಮೊಳೆಗಾ?" ಎಂದು ಅಮ್ಮ ಕೇಳಿದರು.

"ತೂಗು ಹಾಕ್ಲಿಕ್ಕೆ ಅಲ್ಲ."

"ಮತ್ತೆ?"

"ಹೋಗ್ಲಿಕ್ಕೆ."

"ಎಲ್ಲಿಗೆ?"

"ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಒಬ್ಬಳೇ ಪುತ್ತೂರಿನಿಂದಾಚೆ ಹೋದವಳಲ್ಲ. "ಅಮ್ಮನೂ ಬನ್ನಿ."

"ನಾನಾ? ದನ ಯಾರು ನೋಡುದು?"

"ಅಪ್ಪ."

"ಅಪ್ಪ!" ಅಮ್ಮ ಮೂಗಿನಲ್ಲಿ ನಕ್ಕರು. ಆಮೇಲೆ ನಡೆಯತೊಡಗಿದರು. ಹಿಂದಿನಷ್ಟು ಸದ್ದು ಮಾಡುತ್ತಿರಲಿಲ್ಲ ಚಪ್ಪಲಿ. ನಾನು ಹಿಂದೆ ಹಿಂದೆ ಹೋದೆ. ಏರು ಶುರುವಾಗುವಲ್ಲಿ ಅವರು ತಿರುಗಿ, ಚೀಲವನ್ನೂ ಅದರಿಂದ ನನ್ನ ಹೊಸ ಚೂಡಿದಾರಿಗೆ ಉದುರಿದ ಕೆಂಪು ಮಣ್ಣನ್ನೂ ನೋಡಿದರು.

"ಮೊದ್ಲು ಅದನ್ನು ಸರಿಯಾಗಿ ಒಗಿ. ಆ ಮಣ್ಣಿನ ಚೀಲ ಹಿಡ್ಕೊಂಡು ನಾನು ಎಲ್ಲಿಗೂ ಬರುದಿಲ್ಲ."